ತಾಯಿಯ ಜೊತೆಗಿದ್ದ ಮಗು

(ಮೂರು ರಾಜರ ಹಬ್ಬದಂದು ಮಂಗಸೂಳಿಯಲ್ಲಿ ಸೇರಿದ್ದ ಕುಟುಂಬಗಳಿಗೆ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದು ಪ್ರಭು ಯೇಸು ಲೋಕದ ಎಲ್ಲ ಜನಾಂಗಗಳಿಗೆ ತಮ್ಮನ್ನು ತೋರಿಸಿಕೊಂಡ ಹಬ್ಬ. ನಮ್ಮ ಹಿರಿಯರ ಬಾಯಲ್ಲಿ ಇದು ಮೂರು ರಾಜರ ಹಬ್ಬ. ಸಂತ ಮತ್ತಾಯರ ಶುಭಸಂದೇಶವನ್ನು ಈಗ ತಾನೇ ಕೇಳಿದೆವು. ಗಮನಿಸಿ ಕೇಳಿದವರಿಗೆ ಗೊತ್ತಾಗಿರಬೇಕು, ಅದರಲ್ಲಿ ಮೂವರು ಎಂದು ಎಲ್ಲಿಯೂ ಬರೆದಿಲ್ಲ, ರಾಜರು ಎಂದೂ ಬರೆದಿಲ್ಲ. ಮೂಡಣ ದಿಕ್ಕಿನಿಂದ ಬಂದ ಜ್ಞಾನಿಗಳು ಎಂದಷ್ಟೇ ಇದೆ. ಕಾಣಿಕೆ ಮೂರು ಇದ್ದುದರಿಂದ ಜನರೂ ಮೂವರಾದರು. ಗೋದಲಿ ಕಟ್ಟುವ ನಮ್ಮ ಹುಡುಗರಿಗೆ ಒಂಟೆ ಬೇಕಾಗಿತ್ತು, ಆದ್ದರಿಂದ ಒಂಟೆಯೂ ಬಂತು. ಅದೆಲ್ಲ ಭಕ್ತಿಯಿಂದ ಸೇರಿಕೊಂಡ ಮಾತು, ತಪ್ಪೇನಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಗಿದೆ: ಬಹಳ ದೂರದಿಂದ, ಬೇರೆ ದೇಶದಿಂದ, ಬೇರೆ ಭಾಷೆಯ ಜನರು, ಒಂದು ಬಡ ಮಗುವನ್ನು ಹುಡುಕಿಕೊಂಡು ಬಂದರು.

ದೂರದಿಂದ ಜನ ಬರುವುದು ಮಂಗಸೂಳಿಗೆ ಹೊಸದಲ್ಲ. ಇಲ್ಲಿನ ಖಂಡೋಬನ ಗುಡಿಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ, ಜಾತ್ರೆಯಲ್ಲಿ ಭಂಡಾರದ ಹಳದಿ ಬೀದಿಗೆಲ್ಲ ಹತ್ತಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮಾತು ಮರಾಠಿ. ಗಡಿಯಲ್ಲಿ ಬೆಳೆದವರಿಗೆ ಬಂದವರನ್ನು ಬರಮಾಡಿಕೊಳ್ಳುವುದು ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಈ ಹಬ್ಬದ ಬಗ್ಗೆ ನಿಮ್ಮ ಮುಂದೆ ಬಿಚ್ಚು ಮನಸ್ಸಿನಿಂದ ಮಾತನಾಡಬಹುದು ಎಂದುಕೊಂಡಿದ್ದೇವೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಅತಿಥಿಗಳು ನಮ್ಮ ದೇಶಕ್ಕೆ ಬರುತ್ತಾರೆ. ಯುರೋಪಿನಿಂದ, ಅಮೆರಿಕದಿಂದ ಹದಿನೆಂಟು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು, ಕಾಲೇಜಿಗೆ ಸೇರುವ ಮುಂಚೆ ಕೆಲವು ವಾರ ಅಥವಾ ಕೆಲವು ತಿಂಗಳು ಬಡ ಮಕ್ಕಳ ನಡುವೆ ಸೇವೆ ಮಾಡಬೇಕು, ಜೊತೆಗೆ ಭಾರತದ ಸಂಸ್ಕೃತಿಯನ್ನೂ ನೋಡಬೇಕು ಎಂದು ಬರುತ್ತಾರೆ. ಜರ್ಮನಿಯ ಸರ್ಕಾರವೇ 2008ರಲ್ಲಿ ವೆಲ್ಟ್‌ವೆರ್ಟ್ಸ್ ಎಂಬ ಯೋಜನೆಯನ್ನು ಆರಂಭಿಸಿ ಯುವಕ ಯುವತಿಯರನ್ನು ಬೇರೆ ದೇಶಗಳಿಗೆ ಸೇವೆಗೆ ಕಳುಹಿಸುತ್ತಿದೆ. ಡಾನ್ ಬಾಸ್ಕೊ ಗುರುಗಳ ಮನೆಗಳಿಗೂ ಹೀಗೆ ಬರುವವರುಂಟು. ಬೆಂಗಳೂರಿನಲ್ಲಿ ಬೀದಿ ಮಕ್ಕಳಿಗಾಗಿ 1980ರಲ್ಲಿ ಶುರುವಾದ ಬಾಸ್ಕೊ ಸಂಸ್ಥೆಯ ಹೆಸರನ್ನು ಬಿಡಿಸಿದರೆ ಅಚ್ಚ ಕನ್ನಡ: ಬೆಂಗಳೂರು ಓಣಿಯವರ ಸೇವಾ ಕೂಟ. ಓಣಿ ಎಂಬ ಮಾತು ನಮ್ಮ ಕಡೆಯವರಿಗೆ ಕೇಳಲು ಎಷ್ಟು ಹಿತ!

ಹಾಗೆ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇವೆ. ಇದು ಇಲ್ಲಿ ನಡೆದದ್ದಲ್ಲ, ನಾವು ಬೇರೊಂದು ಕಡೆ ಇದ್ದಾಗ ನಡೆದದ್ದು. ಅಲ್ಲಿ ಮಕ್ಕಳ ವಸತಿನಿಲಯವೊಂದಕ್ಕೆ ವಾರಕ್ಕೊಮ್ಮೆ ಪೂಜೆಗೆ ಹೋಗುತ್ತಿದ್ದೆವು. ಡಿಸೆಂಬರ್ ಕೊನೆಯಲ್ಲಿ ಜರ್ಮನಿಯಿಂದ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಆರು ವಾರ ಇರುವವಳು. ಒಳ್ಳೆಯ ಕಥೋಲಿಕ ಮನೆತನದ ಹುಡುಗಿ. ಅವರ ಊರಿನಲ್ಲಿ ಈ ಹಬ್ಬದ ಹೊತ್ತಿಗೆ ಮಕ್ಕಳು ಕಾಗದದ ಕಿರೀಟ ಇಟ್ಟುಕೊಂಡು, ಕೋಲಿನ ತುದಿಗೆ ನಕ್ಷತ್ರ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಹಾಡುತ್ತಾರಂತೆ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆಶೀರ್ವಾದ ಬರೆಯುತ್ತಾರಂತೆ, ಬಂದ ಹಣವನ್ನು ಬಡ ದೇಶಗಳ ಮಕ್ಕಳಿಗೆ ಕಳುಹಿಸುತ್ತಾರಂತೆ. ಈ ಪದ್ಧತಿ ಹಳೆಯದು. 1959ರಿಂದ ಅದು ಅಲ್ಲಿ ಇಡೀ ದೇಶದ ಮಕ್ಕಳ ಸೇವಾಕಾರ್ಯವಾಗಿ ನಡೆಯುತ್ತಿದೆ. ಅವಳೂ ಎಂಟನೆಯ ವಯಸ್ಸಿನಲ್ಲಿ ಕಿರೀಟ ಇಟ್ಟುಕೊಂಡು ಚಳಿಯಲ್ಲಿ ತಿರುಗಿದವಳು. ಆ ಡಬ್ಬಿಯ ಹಣ ಹೋಗುವ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆ ಅವಳದು. ಆಸೆಯಲ್ಲಿ ಕಪಟ ಇರಲಿಲ್ಲ.

ಬಂದ ನಾಲ್ಕು ದಿನಕ್ಕೆ ಮಕ್ಕಳಿಗೆಲ್ಲ ಅವಳು ಅಕ್ಕ. ಬೆಳಿಗ್ಗೆ ಹುಡುಗಿಯರಿಗೆ ಜಡೆ ಹಾಕುವಳು, ಸಂಜೆ ಹಾಡು ಕಲಿಸುವಳು. ಜೋಳದ ರೊಟ್ಟಿ ಝುಣಕ ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ಇನ್ನೊಂದು ರೊಟ್ಟಿ ಕೇಳುವಳು. ಸಂಕ್ರಾಂತಿಗೆ ಅಡುಗೆಯ ಅಮ್ಮ ಅವಳಿಗೆ ಇಳಕಲ್ ಸೀರೆ ಉಡಿಸಿದರು, ಕೈಗೆ ಕುಸುರೆಳ್ಳು ಕೊಟ್ಟರು. ಆ ದಿನದ ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಐದು ವರ್ಷದ ಒಂದು ಹುಡುಗಿ ಅವಳ ಸೊಂಟದ ಮೇಲೆ ಕೂತಿದ್ದಳು.

ಫೆಬ್ರವರಿಯಲ್ಲಿ ಬೀಳ್ಕೊಡುಗೆ ಆಯಿತು. ಹಾರ ಹಾಕಿದವರು ನಾವೇ, ಭಾಷಣ ಮಾಡಿದವರೂ ನಾವೇ. ಮರುದಿನದಿಂದ ಆ ಐದು ವರ್ಷದ ಮಗು ಮೆಟ್ಟಿಲ ಮೇಲೆ ಕೂತಿತು. ಊಟಕ್ಕೆ ಕರೆದರೆ ಬರಲಿಲ್ಲ. ವಾರದ ನಂತರ ನಾವು ಹೋದಾಗಲೂ ಅದೇ ಮೆಟ್ಟಿಲ ಮೇಲಿತ್ತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಬಾಯಿ ನಮಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಫಾದರ್, ಇಕಿಗೆ ಇದು ಮೂರನೇ ಅಕ್ಕಾ ರೀ. ಬರತಾರ, ಹಚ್ಚಿಕೋತಾರ, ಹೋಗತಾರ."

ಆ ಮಗು ಅನಾಥೆಯಲ್ಲ. ತಾಯಿ ಇದ್ದಳು. ಕಬ್ಬು ಕಡಿಯುವ ಟೋಳಿಯ ಹೆಣ್ಣುಮಗಳು, ಗಂಡ ತೀರಿಕೊಂಡವಳು. ವರ್ಷದಲ್ಲಿ ಐದಾರು ತಿಂಗಳು ಊರೂರು ತಿರುಗಬೇಕಾದ್ದರಿಂದ ಮಗಳನ್ನು ಅಲ್ಲಿ ಬಿಟ್ಟಿದ್ದಳು. ಯುಗಾದಿಯ ಹೊತ್ತಿಗೆ ಕಟಾವು ಮುಗಿಸಿ, ಒಂದು ಹೊಸ ಫ್ರಾಕು ತೆಗೆದುಕೊಂಡು ಬಂದಳು. ಮಗು ಅವಳ ಹತ್ತಿರ ಹೋಗಲಿಲ್ಲ. ಬಾಗಿಲ ಹಿಂದೆ ನಿಂತು ನೋಡಿತು. ಆ ತಾಯಿ ಯಾರ ಮೇಲೂ ಸಿಟ್ಟು ಮಾಡಲಿಲ್ಲ, ಫ್ರಾಕನ್ನು ಮಡಚಿ ಮಡಚಿ ಮತ್ತೆ ಚೀಲದಲ್ಲಿ ಇಟ್ಟುಕೊಂಡಳು. ಆ ಹೊತ್ತು ನಾವು ಅಲ್ಲಿದ್ದೆವು. ಫೋಟೋದಲ್ಲಿ ನಕ್ಕಿದ್ದು, ಭಾಷಣದಲ್ಲಿ ಹೊಗಳಿದ್ದು ಎಲ್ಲ ನೆನಪಾಯಿತು.

ಜರ್ಮನಿಯ ಹುಡುಗಿಯಿಂದ ಪತ್ರ ಬಂತು. ಮಗುವಿಗೆ ಓದಿ ಹೇಳಿದೆವು. ಪತ್ರದಲ್ಲಿ ಏನಿದೆ ಎಂದು ಅದು ಕೇಳಲಿಲ್ಲ. "ಯಾವಾಗ ಬರತಾಳಂತ?" ಎಂದಷ್ಟೇ ಕೇಳಿತು.

ಪ್ರಿಯರೇ, ಇದನ್ನು ಹೇಳಿದ್ದು ಆ ಹುಡುಗಿಯನ್ನು ದೂರಲು ಅಲ್ಲ. ಅವಳು ಕೊಟ್ಟ ಪ್ರೀತಿ ನಿಜ. ತಪ್ಪು ಏನಾದರೂ ಇದ್ದರೆ ಹಿರಿಯರಾದ ನಮ್ಮದು. ಎಳೆಯ ಮಗುವಿನ ಮನಸ್ಸು ಧರ್ಮಛತ್ರವಲ್ಲ, ಬಂದವರು ಬಂದಷ್ಟು ದಿನ ಇದ್ದು ಹೋಗಲಿಕ್ಕೆ. ಅದನ್ನು ನಾವು ಯೋಚಿಸಲೇ ಇಲ್ಲ. ಲೋಕಕ್ಕೂ ಇದು ತಡವಾಗಿ ಗೊತ್ತಾಯಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಬಗ್ಗೆ ಮಾಡಿದ ನಿರ್ಣಯದಲ್ಲಿ, ಅನಾಥಾಲಯಗಳಿಗೆ ಹೀಗೆ ಸ್ವಯಂಸೇವಕರು ಬಂದು ಹೋಗುವುದರಿಂದ ಮಕ್ಕಳಿಗೆ ಆಗುವ ಕೇಡನ್ನು ಹೆಸರಿಟ್ಟು ಹೇಳಿತು. ಕೆಲವು ದೇಶಗಳಲ್ಲಿ ತಂದೆತಾಯಿ ಇರುವ ಮಕ್ಕಳನ್ನೇ ತಂದು ಅನಾಥರೆಂದು ತೋರಿಸಿ, ವಿದೇಶದ ಅತಿಥಿಗಳಿಂದ ಹಣ ಎತ್ತುವವರೂ ಹುಟ್ಟಿಕೊಂಡಿದ್ದರು. ಒಳ್ಳೆಯ ಮನಸ್ಸಿನ ಬೆನ್ನ ಹಿಂದೆಯೇ ಇಂಥ ವ್ಯಾಪಾರ ಬೆಳೆಯುತ್ತದೆ.

ಈಗ ಮತ್ತೆ ಬೆತ್ಲೆಹೇಮಿಗೆ ಬನ್ನಿ. ಜ್ಞಾನಿಗಳು ಆ ಮನೆಯೊಳಗೆ ಹೋದಾಗ ಕಂಡದ್ದು ಏನು? ಮಗುವನ್ನು, ಅದರ ತಾಯಿ ಮರಿಯಳ ಜೊತೆಯಲ್ಲಿ. ಸಂತ ಮತ್ತಾಯರು ತಾಯಿಯ ಹೆಸರನ್ನು ಬಿಡಲಿಲ್ಲ. ಈ ಎರಡು ಮೂರು ಪದಗಳನ್ನು ಎಷ್ಟೋ ವರ್ಷ ಓದಿ ಓದಿ ದಾಟಿ ಹೋಗಿದ್ದೇವೆ. ಆ ಮೆಟ್ಟಿಲ ಮೇಲಿನ ಮಗುವನ್ನು ಕಂಡ ಮೇಲೆ ದಾಟಲು ಆಗುವುದಿಲ್ಲ. ಜ್ಞಾನಿಗಳು ಮಗುವನ್ನು ತಾಯಿಯ ತೊಡೆಯಿಂದ ಎತ್ತಿಕೊಂಡು ಹೋಗಲಿಲ್ಲ. ಅವರ ಬೊಕ್ಕಸದಲ್ಲಿ ಬಂಗಾರ ಇತ್ತು, ಆ ಬಡಗಿಯ ಮನೆಯಲ್ಲಿ ಏನಿತ್ತು? ಆದರೂ ಸಾಷ್ಟಾಂಗ ಬಿದ್ದವರು ಅವರು. ಕೊಟ್ಟರು, ನಮಸ್ಕರಿಸಿದರು, ಬೇರೆ ದಾರಿ ಹಿಡಿದು ಸದ್ದಿಲ್ಲದೆ ತಮ್ಮ ನಾಡಿಗೆ ಹೋದರು. ಅದೇ ರಾತ್ರಿಗೋ ಅದರ ಆಚೆಗೋ ಸಂತ ಜೋಸೆಫರು ತಾಯಿ ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಓಡಬೇಕಾಯಿತು. ದಾರಿಖರ್ಚಿಗೆ ಆ ಬಂಗಾರ ಒದಗಿರಬೇಕು ಎಂದು ಹಲವರು ಊಹಿಸಿದ್ದಾರೆ. ಬರೆದಿಲ್ಲದ ಮಾತು, ಆದರೆ ನಮಗೂ ಹಾಗೆ ನಂಬಲು ಇಷ್ಟ. ಕಾಣಿಕೆ ಆ ಕುಟುಂಬವನ್ನು ಒಟ್ಟಿಗೆ ಇಡಲು ಉಪಯೋಗವಾಯಿತು.

ಇನ್ನೊಬ್ಬನೂ ಆ ಮಗುವಿನ ವಿಳಾಸ ಕೇಳಿದ್ದ. ಹೆರೋದ. ತಾನೂ ಬಂದು ಅಡ್ಡಬೀಳುವೆ ಎಂದು ಬಹಳ ಭಕ್ತಿಯಿಂದ ಹೇಳಿದ. ಮಗುವನ್ನು ನೋಡಬೇಕು ಎಂದು ಬರುವವರೆಲ್ಲರೂ ಒಂದೇ ಮನಸ್ಸಿನಿಂದ ಬರುವುದಿಲ್ಲ ಎಂಬುದನ್ನು ಶುಭಸಂದೇಶ ಇಷ್ಟು ಮೊದಲೇ ಹೇಳಿಬಿಟ್ಟಿದೆ. ಈ ವಿಷಯದಲ್ಲಿ ನಮ್ಮ ಧರ್ಮಸಭೆ ನೋವುಂಡು ಪಾಠ ಕಲಿತಿದೆ, ಮುಚ್ಚಿಡುವುದು ಬೇಡ. ಪೋಪ್ ಫ್ರಾನ್ಸಿಸರು 2014ರಲ್ಲಿ ಮಕ್ಕಳ ರಕ್ಷಣೆಗಾಗಿಯೇ ಒಂದು ಆಯೋಗವನ್ನು ನೇಮಿಸಿದರು. ಬಿಳಿಯ ಮೈಬಣ್ಣ ನೋಡಿ, ಮೆಡಲ್ ನೋಡಿ, ಇಲ್ಲವೇ ನಮ್ಮ ಬಿಳಿ ನಿಲುವಂಗಿಯನ್ನೇ ನೋಡಿ, ಯಾರನ್ನೂ ವಿಚಾರಿಸದೆ ಮಕ್ಕಳ ಕೋಣೆಗೆ ಬಿಡುವ ಕಾಲ ಮುಗಿಯಿತು. ಯಾರು, ಎಲ್ಲಿಂದ, ಪೊಲೀಸ್ ಪರಿಶೀಲನೆ ಆಗಿದೆಯೇ, ಎಷ್ಟು ದಿನ ಇರುತ್ತಾರೆ ಎಂದು ಕೇಳುವುದು ಅತಿಥಿಗೆ ಅವಮಾನವಲ್ಲ. ಜ್ಞಾನಿಗಳನ್ನು ಕೇಳಿದ್ದರೆ ಅವರು ಸಂತೋಷದಿಂದ ಉತ್ತರ ಹೇಳುತ್ತಿದ್ದರು. ಕೇಳಿದರೆ ಸಿಟ್ಟಾಗುವವನು ಹೆರೋದ.

ಹಾಗಾದರೆ ವಿದೇಶದವರು ಬರುವುದೇ ಬೇಡವೇ? ಹಾಗೆ ಹೇಳಿದರೆ ನಮ್ಮ ನಾಲಿಗೆ ಸುಳ್ಳಾಗುತ್ತದೆ.

ಈ ಹಬ್ಬದ ಹಳೆಯ ದಿನ ಜನವರಿ 6. 1929ರ ಜನವರಿ 6 ಭಾನುವಾರ. ಆ ದಿನ ಹದಿನೆಂಟು ವರ್ಷದ ಒಬ್ಬ ಹುಡುಗಿ ಹಡಗಿನಿಂದ ಕಲ್ಕತ್ತಾದಲ್ಲಿ ಇಳಿದಳು. ಹುಟ್ಟಿದ್ದು 1910ರಲ್ಲಿ ಸ್ಕೋಪ್ಯೆ ಎಂಬ ಊರಿನಲ್ಲಿ. ಅಲ್ಲಿಂದ ಐರ್ಲೆಂಡಿಗೆ ಹೋಗಿ ಲೊರೆಟೊ ಕನ್ಯಾಮಠವನ್ನು ಸೇರಿ, ಸಮುದ್ರದ ಮೇಲೆಯೇ ಕ್ರಿಸ್ಮಸ್ ಆಚರಿಸಿ, ಮೂರು ರಾಜರ ಹಬ್ಬಕ್ಕೆ ಸರಿಯಾಗಿ ಬಂದು ತಲುಪಿದವಳು. ನಾವು ಈಗ ಅವರನ್ನು ಕಲ್ಕತ್ತಾದ ಸಂತ ತೆರೇಸಾ ಎಂದು ಕರೆಯುತ್ತೇವೆ. ಬಂದ ವಾರಕ್ಕೇ ಅವರು ಬೀದಿಗೆ ಇಳಿಯಲಿಲ್ಲ. ಡಾರ್ಜಿಲಿಂಗಿನಲ್ಲಿ ತರಬೇತಿ. ಬಂಗಾಳಿ ಕಲಿತರು, ಹಿಂದಿ ಕಲಿತರು. ಹದಿನೈದಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಪಾಠ ಹೇಳಿದರು. 1948ರಲ್ಲಿ ಕನ್ಯಾಮಠದ ಉಡುಪು ಬಿಟ್ಟು ನೀಲಿ ಅಂಚಿನ ಅಗ್ಗದ ಬಿಳಿ ಸೀರೆ ಉಟ್ಟರು, ಪಟ್ನಾಕ್ಕೆ ಹೋಗಿ ರೋಗಿಗಳ ಆರೈಕೆ ಕಲಿತು ಬಂದರು. ಆ ವರ್ಷದ ಡಿಸೆಂಬರ್‌ನಲ್ಲಿ ಮೋತಿಝೀಲ್ ಕೊಳೆಗೇರಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡಾಗ ಹಲಗೆ ಇರಲಿಲ್ಲ, ಬಳಪ ಇರಲಿಲ್ಲ. ಒಂದು ಕಡ್ಡಿಯಿಂದ ನೆಲದ ಮೇಲೆ ಬಂಗಾಳಿ ಅಕ್ಷರ ಬರೆದರು. ಸೀರೆ ಅವರಿಗೆ ಒಂದು ದಿನದ ಫೋಟೋದ ಉಡುಪಾಗಿರಲಿಲ್ಲ. 1997ರಲ್ಲಿ ಅದೇ ಸೀರೆಯಲ್ಲಿ ಅವರನ್ನು ಅದೇ ಊರಿನಲ್ಲಿ ಮಣ್ಣು ಮಾಡಿದರು.

ಇಂಥವರು ಕರ್ನಾಟಕಕ್ಕೂ ಬಂದಿದ್ದಾರೆ. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳ ಶಾಲೆ ತೆರೆದರು. ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧ ಹಂಚಲು ಶುರುಮಾಡಿ, 1910ರಲ್ಲಿ ಮಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅಷ್ಟು ದೂರ ಏಕೆ, ನಮ್ಮ ಪಕ್ಕದ ಮಿರಜಿನ ಮಿಶನ್ ದವಾಖಾನೆ ನಿಮಗೆ ಗೊತ್ತಲ್ಲ. ಈ ಸೀಮೆಯಲ್ಲಿ ಯಾರಿಗೆ ದೊಡ್ಡ ಬೇನೆ ಬಂದರೂ ಹಿಂದೆ "ಮಿರಜಿಗೆ ಒಯ್ಯಿರಿ" ಎನ್ನುತ್ತಿದ್ದರು. ಅದನ್ನು 1894ರಲ್ಲಿ ತೆರೆದ ಡಾಕ್ಟರ್ ವಿಲಿಯಂ ವಾನ್ಲೆಸ್ ಕೆನಡಾದವರು, ಪ್ರೆಸ್ಬಿಟೇರಿಯನ್ ಸಭೆಯವರು. ನಮ್ಮ ಸಭೆಯವರಲ್ಲ ಎಂದು ಈ ಹಬ್ಬದಲ್ಲಿ ಅವರ ಹೆಸರು ಬಿಡಲು ಮನಸ್ಸು ಬರುವುದಿಲ್ಲ. 1889ರಲ್ಲಿ ಬಂದವರು ಸುಮಾರು ನಲವತ್ತು ವರ್ಷ ಇಲ್ಲಿ ದುಡಿದರು. ಅವರೆಲ್ಲ ಮೊದಲು ನಮ್ಮ ಭಾಷೆ ಕಲಿತರು. ಸಂಸ್ಕೃತಿಯ ಅನುಭವ ಬೇಕು ಎನ್ನುವವರಿಗೆ ನಾವು ಹೇಳುವುದು ಇದನ್ನೇ: ಕುಸುರೆಳ್ಳು ತಿನ್ನಿ, ಜಾತ್ರೆ ನೋಡಿ, ಅದೆಲ್ಲ ಸಂತೋಷ. ಆದರೆ ಒಂದು ಭಾಷೆಯಲ್ಲಿ ಅಳುವ ಮಗುವನ್ನು ಆ ಭಾಷೆಯಲ್ಲೇ ಸಂತೈಸಲು ಬರುವವರೆಗೆ ಆ ನಾಡಿನ ಹೊಸ್ತಿಲ ಹೊರಗೇ ಇದ್ದೀರಿ.

ಎಲ್ಲರಿಗೂ ನಲವತ್ತು ವರ್ಷ ಇರಲು ಆಗುವುದಿಲ್ಲ. ಆರು ತಿಂಗಳು, ಒಂದು ವರ್ಷ ಬರುವವರಿಗೂ ಕೆಲಸ ಉಂಟು. ಮಕ್ಕಳನ್ನು ನೋಡಿಕೊಳ್ಳುವ ಆ ಬಾಯಿಗೆ ಕೈಯಾಸರೆ ಆಗಬಹುದು, ಲೆಕ್ಕಪತ್ರ ನೋಡಬಹುದು, ದೊಡ್ಡ ಹುಡುಗರಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರಿಗೆ ತಾವು ಕಲಿಸಬಹುದು. ಎಳೆಯ ಮಕ್ಕಳ ಮಡಿಲು ಮಾತ್ರ ಅಲ್ಲಿಯೇ ಉಳಿಯುವವರದಾಗಿರಲಿ. ಇಂಥ ಕೆಲಸದಲ್ಲಿ ಒಳ್ಳೆಯ ಫೋಟೋ ಬರುವುದಿಲ್ಲ, ಅದು ನಮಗೂ ಗೊತ್ತು.

ಕಲ್ಕತ್ತಾಗೆ ಬರುತ್ತೇವೆ ಎಂದು ಬರೆದ ಎಷ್ಟೋ ಜನರಿಗೆ ಮದರ್ ತೆರೇಸಾ, ನೀವು ಇರುವಲ್ಲೇ ಒಂದು ಕಲ್ಕತ್ತಾ ಇದೆ, ಅದನ್ನು ಹುಡುಕಿಕೊಳ್ಳಿ ಎಂಬ ಅರ್ಥದ ಉತ್ತರ ಕೊಡುತ್ತಿದ್ದರು. ನಮ್ಮ ಯುವಕರೂ ಈಗ ಹೊರದೇಶಕ್ಕೆ ಸೇವೆಗೆ ಹೋಗುತ್ತೇವೆ, ಶಿಫಾರಸು ಪತ್ರ ಕೊಡಿ ಎಂದು ಬರುತ್ತಾರೆ. ಕೊಡುತ್ತೇವೆ. ಕೊಡುವಾಗ ಈ ಮಾತನ್ನೂ ನೆನಪಿಸುತ್ತೇವೆ.

ಈ ಸೀಮೆಯಲ್ಲೇ ಒಂದು ಉದಾಹರಣೆ ಇದೆ. ಕಾಗವಾಡ ತಾಲೂಕು ಆಗುವ ಮುಂಚೆ ಮಂಗಸೂಳಿ ಅಥಣಿ ತಾಲೂಕಿನಲ್ಲಿತ್ತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಈ ಭಾಗವನ್ನು ಎಷ್ಟು ಸುಟ್ಟಿದೆ ಎಂದು ಹಿರಿಯರಾದ ನಿಮಗೆ ಹೇಳಬೇಕಾಗಿಲ್ಲ. 1982ರಲ್ಲಿ ಸರ್ಕಾರ ಅದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಪುಸ್ತಕದಲ್ಲಿ ಇದ್ದರೆ ಸಾಲದು ಎಂದು ಅಥಣಿಯ ವಕೀಲರಾದ ಬಿ. ಎಲ್. ಪಾಟೀಲರು ವಿಮೋಚನಾ ಸಂಘವನ್ನು ಕಟ್ಟಿದರು, ದೇವದಾಸಿ ತಾಯಂದಿರ ಮಕ್ಕಳಿಗಾಗಿ ಮಲಾಬಾದದಲ್ಲಿ ವಸತಿ ಶಾಲೆ ನಡೆಸಿದರು. ಅವರು ಹಡಗು ಹತ್ತಿ ಬಂದವರಲ್ಲ, ಇದೇ ಊರಿನ ಕೋರ್ಟಿಗೆ ಹೋಗಿ ಬರುತ್ತಿದ್ದವರು. ತಂದೆಯ ಹೆಸರು ಏನು ಎಂದು ಶಾಲೆಯಲ್ಲಿ ಕೇಳಿದಾಗ ತಲೆ ತಗ್ಗಿಸುತ್ತಿದ್ದ ಮಕ್ಕಳನ್ನು ದಿನಾ ನೋಡಿದವರು.

ಇನ್ನು ನಮ್ಮ ವಿಷಯ. ಇಂದು ನೀವು ಪೂಜೆಗೆ ಬರುವಾಗ ದಾರಿಯಲ್ಲಿ ಉಗಾರದ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ನಿಮಗೆ ಅಡ್ಡ ಸಿಕ್ಕಿರಬೇಕು. ತಡವಾಯಿತು ಎಂದು ಕೆಲವರು ಬೈದುಕೊಂಡೂ ಬಂದಿರಿ. ದೀಪಾವಳಿಯ ಸುಮಾರಿಗೆ ಬಂದ ಟೋಳಿಗಳು ಮಾರ್ಚ್ ಏಪ್ರಿಲ್‌ವರೆಗೆ ಈ ಹೊಲಗಳಲ್ಲೇ ಇರುತ್ತವೆ. ಬೀಡ ಕಡೆಯವರು, ವಿಜಯಪುರ ಕಡೆಯವರು. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡಾಗಿದೆ, ಆದ್ದರಿಂದ ಹೆಂಡತಿ ಊರಲ್ಲಿ ಉಳಿಯುವಂತಿಲ್ಲ, ಹೆಂಡತಿ ಬಂದ ಮೇಲೆ ಮಕ್ಕಳೂ ಬರಲೇಬೇಕು. ಬೆಳಗಿನ ಜಾವದ ಚಳಿಯಲ್ಲಿ ದೊಡ್ಡವರು ಕಡಿಯಲು ಹೋದರೆ ಎಂಟು ವರ್ಷದ ಅಕ್ಕ ಒಂದು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಗುಡಿಸಲು ಕಾಯುತ್ತಾಳೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಅವಳ ಹೆಸರು ಅವಳ ಊರಿನ ಹಾಜರಿ ಪುಸ್ತಕದಲ್ಲಿ ಇರಬಹುದು, ಅವಳು ಇಲ್ಲಿದ್ದಾಳೆ. ಅವರೂ ದೂರದಿಂದ ಬಂದವರು. ತಾಯಿಯ ಜೊತೆಗಿರುವ ಮಗು ನಮ್ಮ ಹೊಲದ ಬದುವಿನ ಮೇಲಿದೆ. ಸಾವಿರಾರು ಕಿಲೋಮೀಟರಿನ ಆಚೆಯ ಜರ್ಮನ್ ಹುಡುಗಿಗೆ ಕಂಡ ಮಗು ನಮಗೆ ಟ್ರ್ಯಾಕ್ಟರಿನ ಹಿಂದೆ ಕಾಣಲಿಲ್ಲ.

ಮಕ್ಕಳೇ, ನಿಮಗೂ ಒಂದು ಮಾತು. 1843ರಲ್ಲಿ ಫ್ರಾನ್ಸಿನ ನ್ಯಾನ್ಸಿ ಊರಿನ ಬಿಷಪ್ ಫೊರ್ಬಿನ್ ಜಾನ್ಸನ್ ಅವರು ನಿಮ್ಮಂಥ ಮಕ್ಕಳನ್ನೇ ಸೇರಿಸಿ ಪವಿತ್ರ ಬಾಲ್ಯ ಸಂಘವನ್ನು ಶುರುಮಾಡಿದರು. ದಿನಕ್ಕೆ ಒಂದು ನಮೋ ಮರಿಯ ಜಪ, ತಿಂಗಳಿಗೆ ಒಂದು ಚಿಕ್ಕ ನಾಣ್ಯ, ಬೇರೆ ಮಕ್ಕಳಿಗಾಗಿ. ಅಷ್ಟೇ ನಿಯಮ. ನಿಮ್ಮ ಹಳೆಯ ಪಾಟಿ, ಚಿತ್ರದ ಪುಸ್ತಕ ಹರಿಯದೆ ಇದ್ದರೆ ತೆಗೆದಿಡಿ. ಹರಿದದ್ದನ್ನು ಕೊಡಬೇಡಿ.

ಬರುವ ಶನಿವಾರ ಸಂಜೆ ನಾಲ್ಕು ಗಂಟೆಗೆ ಗುಡಿಸಲುಗಳ ಕಡೆ ಹೋಗುವುದೆಂದು ಕೆಲವು ಮನೆಯವರು ಮಾತಾಡಿಕೊಂಡಿದ್ದಾರೆ. ಮೊದಲ ದಿನ ಮಕ್ಕಳ ಹತ್ತಿರ ಅಲ್ಲ, ತಾಯಂದಿರ ಹತ್ತಿರ ಕೂತು ಮಾತಾಡಬೇಕು. ಅವರು ಒಪ್ಪಿದರೆ ವಾರಕ್ಕೆ ಎರಡು ಸಂಜೆ ಅಕ್ಷರ, ಲೆಕ್ಕ. ಹತ್ತಿರದ ಸರ್ಕಾರಿ ಶಾಲೆಯ ಹೆಡ್ ಮಾಸ್ತರರನ್ನೂ ಕಾಣಬೇಕು, ಮೂರು ತಿಂಗಳ ಮಟ್ಟಿಗಾದರೂ ಈ ಮಕ್ಕಳನ್ನು ಕೂಡಿಸಿಕೊಳ್ಳಿ ಎಂದು ಕೇಳಬೇಕು. ಬೀಡ ಕಡೆಯ ಮಕ್ಕಳಿಗೆ ಕನ್ನಡ ಬರುವುದಿಲ್ಲ, ಆದ್ದರಿಂದ ಮರಾಠಿ ಚೆನ್ನಾಗಿ ಬಲ್ಲ ಅಕ್ಕಂದಿರು ಬೇಕು. ಒಬ್ಬೊಬ್ಬರೇ ಹೋಗುವುದು ಬೇಡ, ಇಬ್ಬಿಬ್ಬರು ಹೋಗಿ. ಮೊಬೈಲಿನಲ್ಲಿ ಮಕ್ಕಳ ಫೋಟೋ ಬೇಡ. ಟೋಳಿ ಏಳುವವರೆಗೂ ತಪ್ಪದೆ ಬರುತ್ತೇನೆ ಎನ್ನುವವರು ಮಾತ್ರ ಹೆಸರು ಕೊಡಿ, ಎರಡು ವಾರ ಬಂದು ಬಿಡುವವರು ದಯವಿಟ್ಟು ಪಾಟಿ ಪೆನ್ಸಿಲಿಗೆ ಸಹಾಯ ಮಾಡಿ. ಪೂಜೆ ಮುಗಿದ ಮೇಲೆ ಗೋದಲಿಯ ಹತ್ತಿರ ಒಂದು ವಹಿ ಇಟ್ಟಿದೆ. ಮೊದಲ ಹೆಸರು ನಮ್ಮದೇ ಬರೆದಿದ್ದೇವೆ.

ಈಗ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಹೇಳೋಣ.